"ಒಬ್ಬರೇ ಸತ್ತಿದ್ದು" ಅನ್ನೋರಿಗೆ ಒಂದು ಲೆಕ್ಕ

1/7

"ಫುಕುಶಿಮಾದಲ್ಲಿ ರೇಡಿಯೇಶನ್‌ನಿಂದ ಸತ್ತಿದ್ದು ಒಬ್ಬರೇ ಒಬ್ಬರು. ಸುಮ್ನೆ ಹೆದರಿಸ್ತಾರೆ ಗುರು!"

ಈ ಡೈಲಾಗ್ ನೀವೂ ಯಾವುದಾದ್ರೂ ರೀಲ್‌ನಲ್ಲಿ ಕೇಳಿರ್ತೀರ. ಕಾಮೆಂಟ್‌ನಲ್ಲಿ ನೂರು ಜನ ಚಪ್ಪಾಳೆ ಹೊಡೆದಿರ್ತಾರೆ. ಆ ಮಾತು ಪೂರ್ತಿ ಕಟ್ಟುಕಥೆ ಏನಲ್ಲ. ಸ್ಥಾವರದಲ್ಲಿ ಕೆಲಸ ಮಾಡಿ, ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂದು ತೀರಿಕೊಂಡ ಒಬ್ಬರ ಸಾವಿಗೆ ವಿಕಿರಣದ ಸಂಬಂಧ ಇದೆ ಅಂತ ಜಪಾನ್ ಸರ್ಕಾರ 2018ರಲ್ಲಿ ಒಪ್ಪಿಕೊಂಡಿತು. ಆ "ಒಬ್ಬರು" ಬಂದಿದ್ದು ಅಲ್ಲಿಂದ.

ಈಗ ಇನ್ನೆರಡು ಅಂಕಿ ನೋಡಿ.

ಫುಕುಶಿಮಾ ಪ್ರಾಂತ್ಯದಲ್ಲಿ ಭೂಕಂಪ, ಸುನಾಮಿಗೆ ನೇರವಾಗಿ ಸಿಕ್ಕಿ ಸತ್ತವರು ಸುಮಾರು 1,600. ಅದೇ ಪ್ರಾಂತ್ಯದಲ್ಲಿ "ದುರಂತ ಸಂಬಂಧಿತ ಸಾವು" ಅಂತ ಸರ್ಕಾರವೇ ದಾಖಲಿಸಿದ್ದು 2,300ಕ್ಕೂ ಹೆಚ್ಚು. ಊರು ಬಿಟ್ಟು ಓಡುವಾಗ, ಶಿಬಿರದ ಚಳಿಯಲ್ಲಿ, ಔಷಧಿ ತಪ್ಪಿ, ತಾತ್ಕಾಲಿಕ ಮನೆಯಲ್ಲಿ ಕೂತು ಕೂತು ಸೊರಗಿ ಸತ್ತವರು ಇವರು. ಹೆಚ್ಚಿನವರು ವಯಸ್ಸಾದವರು.

ಅಂದ್ರೆ ಆ ಪ್ರಾಂತ್ಯದಲ್ಲಿ ಸಮುದ್ರ ಕೊಂದವರಿಗಿಂತ, ಸಮುದ್ರ ವಾಪಸ್ ಹೋದ ಮೇಲೆ ಸತ್ತವರೇ ಜಾಸ್ತಿ.

ಈ 2,300 ಜನ ಆ ರೀಲ್‌ನಲ್ಲಿ ಎಲ್ಲಿ ಹೋದ್ರು? ನನ್ನ ಜಗಳ ಇರೋದು ಇದರ ಬಗ್ಗೆ. ಏಳು ಪೋಸ್ಟ್ ಇದೆ. ಸಮಯ ಇದ್ದಾಗ ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

2/7

"ಪ್ರಕೃತಿ ವಿಕೋಪ ರೀ, ಯಾರೇನು ಮಾಡೋಕಾಗುತ್ತೆ?"

ಮಾಡಬಹುದಿತ್ತು. ಅದೇ ದಿನ, ಅದೇ ಕರಾವಳಿಯಲ್ಲಿ ಸಾಕ್ಷಿ ಇದೆ.

2011ರ ಮಾರ್ಚ್ 11, ಮಧ್ಯಾಹ್ನ 2:46. 9.0 ತೀವ್ರತೆಯ ಭೂಕಂಪ. ಮುಕ್ಕಾಲು ಗಂಟೆ, ಒಂದು ಗಂಟೆ ಅನ್ನೋಷ್ಟರಲ್ಲಿ ಸುನಾಮಿ. ಫುಕುಶಿಮಾ ದೈಇಚಿ ಸ್ಥಾವರವನ್ನ ಕಟ್ಟಿದವರು ಲೆಕ್ಕಕ್ಕೆ ಹಿಡಿದಿದ್ದ ಸುನಾಮಿ ಎತ್ತರ ಇದಕ್ಕಿಂತ ತುಂಬ ಕಡಿಮೆ. ಬಂದ ಅಲೆ 14 ಮೀಟರ್ ಮೇಲೆ. ತುರ್ತು ಡೀಸೆಲ್ ಜನರೇಟರ್‌ಗಳಿಗೆ ನೀರು ನುಗ್ಗಿತು, ಕರೆಂಟ್ ಹೋಯ್ತು, ತಂಪು ಮಾಡೋಕೆ ದಾರಿ ಇಲ್ಲದೆ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು.

ಈಗ ಉತ್ತರಕ್ಕೆ ಬನ್ನಿ. ಒನಗಾವಾ ಸ್ಥಾವರ ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರ. ಅಲ್ಲೂ ಸುಮಾರು 13 ಮೀಟರ್ ಅಲೆ ಬಂತು. ಆದ್ರೆ ಅದನ್ನ ಕಟ್ಟಿದ ಕಂಪನಿ ಮೊದಲೇ ಎತ್ತರದ ನೆಲ ಆರಿಸಿಕೊಂಡಿತ್ತು. ರಿಯಾಕ್ಟರ್‌ಗಳು ಸುರಕ್ಷಿತವಾಗಿ ನಿಂತವು. ಮನೆ ಕಳೆದುಕೊಂಡ ಸುತ್ತಲಿನ ನೂರಾರು ಜನ ಆಶ್ರಯ ಪಡೆದಿದ್ದು ಅದೇ ಸ್ಥಾವರದ ಆವರಣದಲ್ಲಿ!

ಒಂದೇ ಸಮುದ್ರ, ಒಂದೇ ದಿನ. ಒಂದು ಕಡೆ ಜನ ಸ್ಥಾವರದ ಒಳಗೆ ಓಡಿ ಬಂದ್ರು, ಇನ್ನೊಂದು ಕಡೆ ಸ್ಥಾವರ ಬಿಟ್ಟು ಓಡಿದ್ರು.

ದೈಇಚಿ ನಡೆಸ್ತಿದ್ದ ಟೆಪ್ಕೋ ಕಂಪನಿಗೆ ಗೊತ್ತಿರಲಿಲ್ವಾ? 2008ರಲ್ಲೇ ಅವರ ಒಳಗಿನ ಲೆಕ್ಕ 15.7 ಮೀಟರ್ ಅಲೆ ಬರಬಹುದು ಅಂತ ತೋರಿಸಿತ್ತು. ಗೋಡೆ ಮಾತ್ರ ಏಳಲಿಲ್ಲ. 2012ರಲ್ಲಿ ಜಪಾನ್ ಸಂಸತ್ತಿನ ತನಿಖಾ ಆಯೋಗ, ಕಿಯೋಶಿ ಕುರೊಕಾವಾ ಅಧ್ಯಕ್ಷತೆಯಲ್ಲಿ, ಇದು ಮನುಷ್ಯರೇ ಮಾಡಿದ ದುರಂತ ಅಂತ ಬರೆಯಿತು.

ಹಾಗಾಗಿ "ಪ್ರಕೃತಿ ವಿಕೋಪ" ಅನ್ನೋ ಪದ ಬಳಸೋಕೆ ಮುಂಚೆ ಒನಗಾವಾ ನೆನಪು ಮಾಡ್ಕೊಳ್ಳಿ.

3/7

ಓಡಿ ಅಂದ್ರು. ಎಲ್ಲಿಗೆ ಅಂತ ಸರಿಯಾಗಿ ಹೇಳಲಿಲ್ಲ.

ಮೊದಲು 3 ಕಿಲೋಮೀಟರ್, ಆಮೇಲೆ 10, ಆಮೇಲೆ 20. ಒಂದೇ ದಿನದ ಒಳಗೆ ವೃತ್ತ ಹಿಗ್ಗುತ್ತಾ ಹೋಯ್ತು. ಬೆಳಿಗ್ಗೆ ಒಂದು ಶಾಲೆಗೆ ಬಂದು ಹಾಸಿಗೆ ಹಾಸಿದವರು ಸಂಜೆಗೆ ಮತ್ತೆ ಗಂಟುಮೂಟೆ ಕಟ್ಟಿದ್ರು.

ನಾಮಿಯೆ ಅನ್ನೋ ಊರಿನ ಸಾವಿರಾರು ಜನ ಸ್ಥಾವರದಿಂದ ದೂರ ಅಂತ ತ್ಸುಶಿಮಾ ಕಡೆಗೆ ಹೋದ್ರು. ಗಾಳಿ ವಿಕಿರಣವನ್ನ ಹೊತ್ತು ತಂದಿದ್ದೂ ಅದೇ ವಾಯವ್ಯ ದಿಕ್ಕಿಗೆ. ಗಾಳಿ ಎತ್ತ ಬೀಸುತ್ತೆ, ವಿಕಿರಣ ಎತ್ತ ಹರಡುತ್ತೆ ಅಂತ ಅಂದಾಜು ಮಾಡೋ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಹತ್ರ ಇತ್ತು. ಆ ಮಾಹಿತಿ ಜನರಿಗೆ ಸಮಯಕ್ಕೆ ತಲುಪಲಿಲ್ಲ. ಇಟಾಟೆ ಅನ್ನೋ ಹಳ್ಳಿ ಸ್ಥಾವರದಿಂದ ಅಷ್ಟು ದೂರ ಇದ್ದೂ ಮಳೆ, ಹಿಮದ ಜೊತೆ ವಿಕಿರಣ ಅಲ್ಲಿ ಇಳಿಯಿತು. ಊರು ಬಿಡಿ ಅನ್ನೋ ಆದೇಶ ಬಂದಿದ್ದು ಏಪ್ರಿಲ್‌ನಲ್ಲಿ.

ಫುತಾಬಾ ಆಸ್ಪತ್ರೆಯ ಕಥೆ ಇನ್ನೂ ಕಷ್ಟ. ಎದ್ದು ನಡೆಯೋಕಾಗದ ರೋಗಿಗಳನ್ನ ಬಸ್ಸಿನಲ್ಲಿ ಕೂರಿಸಿ, ಸುತ್ತು ದಾರಿಯಲ್ಲಿ ಗಂಟೆಗಟ್ಟಲೆ ಸಾಗಿಸಿ, ಕೊನೆಗೆ ಒಂದು ಶಾಲೆಯ ಜಿಮ್‌ಗೆ ತಂದು ಇಳಿಸಿದ್ರು. ದಾರಿಯಲ್ಲಿ ಮತ್ತು ಆಮೇಲೆ 40ಕ್ಕೂ ಹೆಚ್ಚು ಜನ ತೀರಿಕೊಂಡರು.

ಇದನ್ನ ಓದಿ ಕೆಲವರು ಹೇಳ್ತಾರೆ: "ನೋಡಿದ್ರಾ, ವಿಕಿರಣ ಅಲ್ಲ, ಸ್ಥಳಾಂತರ ಕೊಂದಿದ್ದು. ಸುಮ್ನೆ ಮನೇಲಿ ಇದ್ದಿದ್ರೆ ಆಗ್ತಿತ್ತು." ಸ್ವಾಮಿ, ಮೂರು ರಿಯಾಕ್ಟರ್ ಕರಗ್ತಿವೆ, ಕಟ್ಟಡಗಳು ಸಿಡೀತಿವೆ, ಮುಂದೇನು ಅಂತ ಒಳಗಿನ ಎಂಜಿನಿಯರ್‌ಗಳಿಗೇ ಗೊತ್ತಿಲ್ಲ. ಆ ಹೊತ್ತಲ್ಲಿ ಮನೇಲಿ ಕೂತಿರಿ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ? ಕೊಂದಿದ್ದು ಓಡಿದ್ದಲ್ಲ. ತಯಾರಿ ಇಲ್ಲದೆ ಓಡಿಸಿದ್ದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ.

4/7

ಫೋಟೋದಲ್ಲಿರೋ ಕಪ್ಪು ಚೀಲಗಳನ್ನ ಜೂಮ್ ಮಾಡಿ ನೋಡಿ. ಅದರೊಳಗೆ ಇರೋದು ಊರು.

ವಿಕಿರಣ ಕೂತಿದ್ದು ಮೇಲ್ಮಣ್ಣಿನಲ್ಲಿ. ಹಾಗಾಗಿ ಗದ್ದೆ, ಅಂಗಳ, ಶಾಲೆಯ ಮೈದಾನ ಎಲ್ಲದರ ಮೇಲಿನ 5 ಸೆಂಟಿಮೀಟರ್‌ನಷ್ಟು ಮಣ್ಣನ್ನ ಕೆರೆದು ಚೀಲಕ್ಕೆ ತುಂಬಿದ್ರು. ಹೀಗೆ ಒಕುಮಾ, ಫುತಾಬಾ ಊರುಗಳ ಸಂಗ್ರಹಾಗಾರಕ್ಕೆ ಬಂದಿದ್ದು ಸುಮಾರು 1.4 ಕೋಟಿ ಘನ ಮೀಟರ್. 2045ರ ಒಳಗೆ ಅದನ್ನ ಪ್ರಾಂತ್ಯದ ಹೊರಗೆ ಸಾಗಿಸಬೇಕು ಅಂತ ಕಾನೂನೇ ಇದೆ. ತಗೊಳ್ಳೋಕೆ ಯಾರು ಮುಂದೆ ಬರ್ತಾರೆ? ಆ ಸ್ಥಾವರದ ಕರೆಂಟ್ ಉರಿದಿದ್ದು ಹೆಚ್ಚಾಗಿ ಟೋಕಿಯೋ ಕಡೆ. ಮಣ್ಣು ಮಾತ್ರ ಫುಕುಶಿಮಾದ್ದು.

ತಲೆಮಾರುಗಳಿಂದ ಗೊಬ್ಬರ ಹಾಕಿ ಹದ ಮಾಡಿದ ಆ ಮೇಲ್ಮಣ್ಣಿನ ಬೆಲೆ ನಮ್ಮ ಮನೆಗಳಲ್ಲಿ ಒಬ್ಬರಾದ್ರೂ ರೈತರಿದ್ರೆ ಅವರನ್ನ ಕೇಳಿ. ಕ್ಲೀನ್ ಆಯ್ತು ಅಂತ ಸರ್ಟಿಫಿಕೇಟ್ ಕೊಡೋದು ಸುಲಭ. ಗದ್ದೆ ಮತ್ತೆ ಗದ್ದೆ ಆಗೋದು ಬೇರೆ ಮಾತು.

ಒಟ್ಟು 1.6 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟಿದ್ದರು. ನಾಮಿಯೆಯಲ್ಲಿ ದುರಂತಕ್ಕೆ ಮುಂಚೆ ಸುಮಾರು 21,000 ಜನ ಇದ್ರು. 2017ರಲ್ಲಿ ಊರಿನ ಒಂದು ಭಾಗಕ್ಕೆ "ವಾಪಸ್ ಬರಬಹುದು" ಅಂದ್ರು. ಈಗ ಅಲ್ಲಿ ವಾಸ ಇರೋದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಫುತಾಬಾದಲ್ಲಿ ಜನ ಮತ್ತೆ ವಾಸ ಮಾಡೋಕೆ ಅನುಮತಿ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಹನ್ನೊಂದು ವರ್ಷ! ಐದನೇ ಕ್ಲಾಸಿನಲ್ಲಿ ಊರು ಬಿಟ್ಟ ಹುಡುಗಿ ಅಷ್ಟೊತ್ತಿಗೆ ಡಿಗ್ರಿ ಮುಗಿಸೋ ವಯಸ್ಸಿಗೆ ಬಂದಿರ್ತಾಳೆ. ಅವಳ ಫ್ರೆಂಡ್ಸ್, ಕೆಲಸ, ಬಾಡಿಗೆ ಮನೆ ಎಲ್ಲ ಬೇರೆ ಊರಲ್ಲಿ. ವಾಪಸ್ ಬಾ ಅಂದ್ರೆ ಯಾವುದಕ್ಕೆ ವಾಪಸ್ ಬರಬೇಕು?

ಸರ್ಕಾರ ಗೆರೆ ಎಳೆದ ಜಾಗದ ಹೊರಗಿದ್ದೂ ಮಕ್ಕಳ ಚಿಂತೆಯಿಂದ ಊರು ಬಿಟ್ಟವರಿಗೆ "ಸ್ವಇಚ್ಛೆಯಿಂದ ಹೋದವರು" ಅನ್ನೋ ಹೆಸರು. 2017ರ ಮಾರ್ಚ್‌ನಲ್ಲಿ ಅವರ ಉಚಿತ ಮನೆಯ ಸೌಲಭ್ಯ ನಿಂತುಹೋಯ್ತು. ಆ ಪದದಲ್ಲಿರೋ ಕ್ರೌರ್ಯ ಗಮನಿಸಿ. ಟೂರ್ ಹೋದವರ ಥರ!

5/7

ಈಗ ಇನ್ನೊಂದು ಪಾರ್ಟಿಯವರ ಸರದಿ. ಮೂರು ಕಣ್ಣಿನ ಮೀನಿನ ಫೋಟೋ ಶೇರ್ ಮಾಡೋ ಮಹಾಶಯರೇ, ಬನ್ನಿ.

ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನೀವು. ಪೆಸಿಫಿಕ್ ಸಾಗರ ಸತ್ತೇಹೋಯ್ತು, ಲಕ್ಷಾಂತರ ಜನಕ್ಕೆ ಕ್ಯಾನ್ಸರ್ ಬಂತು ಅಂತ ಬರೀತೀರ. ವಿಶ್ವಸಂಸ್ಥೆಯ ವಿಕಿರಣ ಕುರಿತ ವೈಜ್ಞಾನಿಕ ಸಮಿತಿ ವರ್ಷಗಟ್ಟಲೆ ದತ್ತಾಂಶ ನೋಡಿ, ಅಲ್ಲಿನ ನಿವಾಸಿಗಳಲ್ಲಿ ನೇರವಾಗಿ ವಿಕಿರಣಕ್ಕೆ ಕಟ್ಟಬಹುದಾದ ಆರೋಗ್ಯ ಹಾನಿ ದಾಖಲಾಗಿಲ್ಲ ಅಂತ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅದನ್ನ ಓದಿ, ವಿರೋಧ ಇದ್ರೆ ಅದಕ್ಕೆ ಉತ್ತರ ಕೊಡಿ. ಫೋಟೋಶಾಪ್ ಮೀನು ಉತ್ತರ ಅಲ್ಲ.

ನಿಮ್ಮ ಸುಳ್ಳಿನ ಬಿಲ್ ಕಟ್ಟಿದವರು ಯಾರು ಗೊತ್ತಾ? ಫುಕುಶಿಮಾದ ಮೀನುಗಾರರು. ಜಪಾನ್‌ನಲ್ಲಿ ಸಾಮಾನ್ಯ ಆಹಾರಕ್ಕೆ ಸೀಸಿಯಂ ಮಿತಿ ಕಿಲೋಗೆ 100 ಬೆಕ್ವೆರೆಲ್, ತುಂಬ ಬಿಗಿಯಾದದ್ದು. ಹಿಡಿದ ಮೀನನ್ನ ಪರೀಕ್ಷೆ ಮಾಡಿಸಿ, ಪಾಸಾಗಿ, ಮಾರುಕಟ್ಟೆಗೆ ತಂದ್ರೂ ಊರಿನ ಹೆಸರು ಕೇಳಿದ ಕೂಡಲೇ ಜನ ಪಕ್ಕದ ಬುಟ್ಟಿಗೆ ಕೈ ಹಾಕ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ ಬೇರೆ ಪದವೇ ಇದೆ: ಫೂಹ್ಯೋ ಹಿಗಾಯ್. ಪುಕಾರಿನಿಂದ ಆದ ನಷ್ಟ ಅಂತ ಅರ್ಥ.

ಮಕ್ಕಳೂ ಕಟ್ಟಿದ್ರು. ಫುಕುಶಿಮಾದಿಂದ ಯೊಕೊಹಾಮಾಗೆ ಹೋದ ಒಬ್ಬ ಹುಡುಗನಿಗೆ ಕ್ಲಾಸ್‌ಮೇಟ್‌ಗಳು "ರೋಗಾಣು" ಅಂತ ಹೆಸರಿಟ್ಟು, ನಿಮಗೆ ಪರಿಹಾರದ ದುಡ್ಡು ಬಂದಿದೆಯಲ್ಲ ಅಂತ ಹಣ ಕಿತ್ತರು. ಅದು 2016ರಲ್ಲಿ ಇಡೀ ದೇಶಕ್ಕೆ ಸುದ್ದಿಯಾಯ್ತು.

ಒಬ್ಬರು "ಏನೂ ಆಗಿಲ್ಲ" ಅಂತಾರೆ, ಇನ್ನೊಬ್ಬರು "ಎಲ್ಲ ಮುಗೀತು" ಅಂತಾರೆ. ಇಬ್ಬರಿಗೂ ಅಲ್ಲಿ ಇನ್ನೂ ಬದುಕ್ತಿರೋ ಮನುಷ್ಯರು ಕಾಣಲ್ಲ.

6/7

ನಾನು ಬಿಕಾಂ ಓದೋಳು. ಫಿಸಿಕ್ಸ್ ನನಗೆ ಬೇಡ, ಲೆಕ್ಕದ ಪುಸ್ತಕ ತೆಗೀರಿ.

ದುರಂತದ ಒಟ್ಟು ಖರ್ಚು, ಅಂದ್ರೆ ಪರಿಹಾರ, ಮಣ್ಣು ಶುದ್ಧಿ, ಸ್ಥಾವರ ಕಳಚೋದು ಎಲ್ಲ ಸೇರಿ: 2016ರಲ್ಲಿ ಜಪಾನ್ ಸರ್ಕಾರದ ಅಂದಾಜು 21.5 ಲಕ್ಷ ಕೋಟಿ ಯೆನ್. 2023ರಲ್ಲಿ ಅದು 23.4 ಲಕ್ಷ ಕೋಟಿ ಆಯ್ತು. ನಮ್ಮ ರೂಪಾಯಿಯಲ್ಲಿ 12 ಲಕ್ಷ ಕೋಟಿಗೂ ಮೇಲೆ. ಇನ್ನೂ ಏರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಯಾಕಂದ್ರೆ ಒಳಗೆ ಕರಗಿ ಗಟ್ಟಿಯಾಗಿರೋ ಇಂಧನದ ಅವಶೇಷ ಸುಮಾರು 880 ಟನ್. 2024ರ ನವೆಂಬರ್‌ನಲ್ಲಿ ಮೊದಲ ಸಲ ಹೊರಗೆ ತೆಗೆದಿದ್ದು ಒಂದು ಗ್ರಾಂಗಿಂತ ಕಡಿಮೆ.

ಯಾರು ಕಟ್ಟೋದು? ಜಪಾನ್ ಕಾನೂನಲ್ಲಿ ಕಂಪನಿಯ ಹೊಣೆಗೆ ಮಿತಿ ಇಲ್ಲ. ಕೇಳೋಕೆ ಚೆಂದ. ಆದ್ರೆ ಟೆಪ್ಕೋ ಮುಳುಗೋ ಹಾಗಾದಾಗ 2012ರಲ್ಲಿ ಸರ್ಕಾರ 1 ಲಕ್ಷ ಕೋಟಿ ಯೆನ್ ಹಾಕಿ ಅದನ್ನ ಎತ್ತಿ ನಿಲ್ಲಿಸಿತು. ಅಂದ್ರೆ ತೆರಿಗೆ ಕಟ್ಟೋರು, ಕರೆಂಟ್ ಬಿಲ್ ಕಟ್ಟೋರು.

ಹೊಣೆ? ಸರ್ಕಾರಕ್ಕೆ ಪರಿಹಾರದ ಹೊಣೆ ಇಲ್ಲ ಅಂತ 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಮುಂದಿನ ತಿಂಗಳು, ಷೇರುದಾರರು ಹಾಕಿದ ಕೇಸಿನಲ್ಲಿ ನಾಲ್ವರು ಮಾಜಿ ಅಧಿಕಾರಿಗಳು ಕಂಪನಿಗೆ 13 ಲಕ್ಷ ಕೋಟಿ ಯೆನ್ ಕಟ್ಟಬೇಕು ಅಂತ ಟೋಕಿಯೋ ಜಿಲ್ಲಾ ಕೋರ್ಟ್ ತೀರ್ಪು ಕೊಟ್ಟಿತು. 2025ರ ಜೂನ್‌ನಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಕ್ರಿಮಿನಲ್ ಕೇಸು 2025ರ ಮಾರ್ಚ್‌ನಲ್ಲೇ ಖುಲಾಸೆಯಲ್ಲಿ ಮುಗಿದಿತ್ತು.

ಸಂಸತ್ತಿನ ಆಯೋಗ "ಮನುಷ್ಯರು ಮಾಡಿದ್ದು" ಅಂತು. ಆದ್ರೆ ಆ ಮನುಷ್ಯರು ಯಾರು ಅಂತ ಹುಡುಕ್ತಾ ಹೋದ್ರೆ ಒಬ್ಬರೂ ಸಿಗಲ್ಲ.

ಖರ್ಚನ್ನ ಬೇರೆಯವರ ಪುಸ್ತಕಕ್ಕೆ ತಳ್ಳಿದ್ರೆ ಯಾವ ವ್ಯಾಪಾರದಲ್ಲೂ ಲಾಭ ಚೆನ್ನಾಗೇ ಕಾಣುತ್ತೆ. "ಅಗ್ಗದ ಕರೆಂಟ್" ಅಂತ ಯಾರಾದ್ರೂ ಹೇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಯಾವ ಖರ್ಚು ಬಿಟ್ಟು ಲೆಕ್ಕ ಹಾಕಿದ್ರಿ?

7/7

"ಅದು ಜಪಾನ್. ನಮಗ್ಯಾಕೆ?" ಕೈಗಾ ಯಾವ ಜಿಲ್ಲೆಯಲ್ಲಿದೆ ಹೇಳಿ ನೋಡೋಣ.

ಉತ್ತರ ಕನ್ನಡದಲ್ಲಿ, ಕಾಳಿ ನದಿ ಪಕ್ಕ, ಕಾಡಿನ ನಡುವೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್ ಇವೆ. 700 ಮೆಗಾವ್ಯಾಟ್‌ನ ಇನ್ನೆರಡು ಸೇರಲಿವೆ. ಅಲ್ಲಿಗೆ ಸುನಾಮಿ ಬರಲ್ಲ, ಒಪ್ಪಿದೆ. ವರ್ಷಗಳಿಂದ ಸ್ಥಾವರ ಚೆನ್ನಾಗಿ ನಡೀತಿದೆ, ಅದನ್ನೂ ಒಪ್ಪಿದೆ. ಆದ್ರೆ ಕಟ್ಟುವಾಗಲೇ, 1994ರಲ್ಲಿ, ಅದರ ಗುಮ್ಮಟದ ಕಾಂಕ್ರೀಟ್ ಕುಸಿದಿತ್ತು ಅನ್ನೋದೂ ನೆನಪಿರಲಿ. ಕೈಗಾ ಬೇಡ ಅಂತ ಹೋರಾಡಿ, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತವರು ಶಿವರಾಮ ಕಾರಂತರು. ಪಠ್ಯದಲ್ಲಿ ಅವರ ಜ್ಞಾನಪೀಠ ಓದ್ತೀವಿ, ಈ ಸೋಲನ್ನ ಓದಲ್ಲ.

ನಮ್ಮ 2010ರ ಪರಮಾಣು ಹೊಣೆಗಾರಿಕೆ ಕಾನೂನಲ್ಲಿ ಸ್ಥಾವರ ನಡೆಸೋರ ಹೊಣೆಗೆ ಹಾಕಿದ ಮಿತಿ 1,500 ಕೋಟಿ ರೂಪಾಯಿ. ಫುಕುಶಿಮಾ ಬಿಲ್ ಅದರ 800 ಪಟ್ಟು. 2025ರ ಡಿಸೆಂಬರ್‌ನಲ್ಲಿ ಪಾಸಾದ ಹೊಸ ಕಾನೂನು ಖಾಸಗಿ ಕಂಪನಿಗಳಿಗೂ ಬಾಗಿಲು ತೆಗೆದಿದೆ. ಹೊಣೆಗೆ ಮಿತಿ ಅನ್ನೋದು ಅಲ್ಲೂ ಇದೆ. ಮಿತಿ ದಾಟಿದ ನಷ್ಟ ಯಾರ ತಲೆ ಮೇಲೆ ಬರುತ್ತೆ ಅಂತ ಊಹಿಸೋಕೆ ಡಿಗ್ರಿ ಬೇಕಿಲ್ಲ.

"ಕಲ್ಲಿದ್ದಲಿನ ಹೊಗೆ ಇದಕ್ಕಿಂತ ಜಾಸ್ತಿ ಜನರನ್ನ ಕೊಲ್ಲುತ್ತೆ" ಅಂತೀರಾ? ನಿಜ. ಅದಕ್ಕೇ ನಾನು "ಮುಚ್ಚಿ" ಅಂತ ಬರೆದಿಲ್ಲ. ನಾನು ಕೇಳ್ತಿರೋದು ಕಟ್ಟೋಕೆ ಮುಂಚೆ, ಓಡಿಸೋಕೆ ಮುಂಚೆ, ಆಮೇಲಿನ ಬದುಕಿನ ಪ್ಲಾನ್ ತೋರಿಸಿ ಅಂತ. ಇಂಗ್ಲಿಷ್ ಪಿಡಿಎಫ್‌ನಲ್ಲಿ ಅಲ್ಲ, ಪಂಚಾಯಿತಿ ಗೋಡೆಯ ಮೇಲೆ, ಕನ್ನಡದಲ್ಲಿ:

▪️ ಹಾಸಿಗೆ ಹಿಡಿದ ಅಜ್ಜಿಯನ್ನ ಕರ್ಕೊಂಡು ಹೋಗೋ ಗಾಡಿ ಯಾವುದು, ಜೊತೆಗೆ ನರ್ಸ್ ಯಾರು?
▪️ ಗಾಳಿ ಎತ್ತ ಬೀಸ್ತಿದೆ ಅಂತ ಎಷ್ಟು ನಿಮಿಷದಲ್ಲಿ, ಯಾರು ಹೇಳ್ತಾರೆ?
▪️ ದನಕರುಗಳ ಗತಿ ಏನು?
▪️ ಅಡಿಕೆ ತೋಟದ ಮಣ್ಣು ಕೆರೆದ್ರೆ ಅದಕ್ಕೆ ಬೆಲೆ ಕಟ್ಟೋರು ಯಾರು?
▪️ ಹತ್ತು ವರ್ಷ ವಾಪಸ್ ಬರೋಕಾಗದಿದ್ರೆ ಮನೆ ಎಲ್ಲಿ, ಬಾಡಿಗೆ ಯಾರದ್ದು?

ಉತ್ತರ ಇದ್ರೆ ತೋರಿಸಲಿ, ನಾನೇ ಎಂಟನೇ ಪೋಸ್ಟ್ ಹಾಕಿ ಹೊಗಳ್ತೀನಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋ ಕೆಲಸವನ್ನ ಜಪಾನ್‌ನವರು ಮಾಡಿ ತೋರಿಸಿಯಾಗಿದೆ, ಅದೂ ಶಿಸ್ತಿಗೆ ಹೆಸರಾದ ಶ್ರೀಮಂತ ದೇಶ.

ಕಾರವಾರ, ಜೋಯಿಡಾ, ಯಲ್ಲಾಪುರ ಕಡೆಯವರು ಓದ್ತಿದ್ರೆ ಕಾಮೆಂಟ್‌ನಲ್ಲಿ ಬರೀರಿ. ನಿಮ್ಮೂರಲ್ಲಿ ಅಣಕು ಕವಾಯತು ನೋಡಿದ್ದೀರಾ? ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಯಾರಾದ್ರೂ ಹೇಳಿದ್ದಾರಾ? ಉಳಿದವರು, ಮುಂದಿನ ಸಲ "ಒಬ್ಬರೇ ಸತ್ತಿದ್ದು" ಅನ್ನೋ ರೀಲ್ ಬಂದ್ರೆ ಕೆಳಗೆ ಒಂದೇ ಅಂಕಿ ಹಾಕಿ ಬನ್ನಿ: 2,300.

#ಫುಕುಶಿಮಾ #ಕೈಗಾ #ಲೆಕ್ಕಕೊಡಿ #ಕನ್ನಡಬರಹ #ಉತ್ತರಕನ್ನಡ