ಒಂದು ಮಂಗಳವಾರ ಬೆಳಿಗ್ಗೆ 8.44ಕ್ಕೆ

ಬ್ರಹ್ಮಾವರದ ಪಕ್ಕದ ಬಾರ್ಕೂರು ಆಳುಪರ ರಾಜಧಾನಿಯಾಗಿದ್ದ ಊರು. ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವೂ ಆಯಿತು. ಹಾಗಾಗಿ ಅಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಇಂಥ ಕಲ್ಲುಗಳನ್ನು ಓದುವ ವಿದ್ವಾಂಸರು ರಾಜನ ಹೆಸರಿನ ಜೊತೆಗೇ ಹುಡುಕುವುದು ಶಕವರ್ಷವನ್ನು. ಅದು ಅಳಿಸಿಹೋಗಿ ಸಂವತ್ಸರದ ಹೆಸರೊಂದೇ ಉಳಿದಿದ್ದರೆ ಪೇಚಾಟ ಶುರು. ‘ಪ್ರಮಾಥಿ ಸಂವತ್ಸರ’ ಎಂದರೆ ಯಾವ ಪ್ರಮಾಥಿ? ಅರವತ್ತು ವರ್ಷಕ್ಕೊಂದು ಪ್ರಮಾಥಿ ಬರುತ್ತಲೇ ಇರುತ್ತದೆ. ಕಲ್ಲು ಕೊರೆಸಿದವನಿಗೆ ಈ ಗೊಂದಲವಿರಲಿಲ್ಲ. ಅವನ ಕಾಲದವರಿಗೆಲ್ಲ ಅದು ಗೊತ್ತಿದ್ದ ಸಂಗತಿ.

ಕಂಪ್ಯೂಟರಿನ ತಾರೀಕಿನ ತೊಂದರೆಯೂ ಇದೇ ಜಾತಿಯದು. ಮೊದಲ ತಲೆಮಾರಿನ ಕಂಪ್ಯೂಟರುಗಳಿಗೆ ಮಾಹಿತಿ ಉಣಿಸುತ್ತಿದ್ದುದು ತೂತು ಕೊರೆದ ರಟ್ಟಿನ ಕಾರ್ಡುಗಳ ಮೂಲಕ. ಒಂದು ಕಾರ್ಡಿನಲ್ಲಿ 80 ಅಕ್ಷರಗಳಿಗಷ್ಟೇ ಜಾಗ. ಸ್ಮರಣಕೋಶವೂ ದುಬಾರಿ. ಅಂಥಲ್ಲಿ 1965 ಎಂದು ಬರೆಯುವ ಬದಲು 65 ಎಂದು ಬರೆದರೆ ಎರಡು ಮನೆ ಉಳಿತಾಯ. ಆ ಉಳಿತಾಯವೇ ರೂಢಿಯಾಗಿ, ಸ್ಮರಣಕೋಶ ಅಗ್ಗವಾದ ಮೇಲೂ ಉಳಿದುಬಿಟ್ಟಿತು. 1935ರಲ್ಲಿ ಹುಟ್ಟಿದ ಪಿಂಚಣಿದಾರರ ಪ್ರಾಯವನ್ನು 1999ರಲ್ಲಿ ಯಂತ್ರ 64 ಎಂದು ಸರಿಯಾಗಿಯೇ ಹೇಳಿತು. ಮರುವರ್ಷ 00ರಿಂದ 35 ಕಳೆದರೆ? ಮೈನಸ್ 35! ಇನ್ನೂ ಹುಟ್ಟದವರಿಗೆ ಪಿಂಚಣಿ ಕೊಡುವ ಬಗೆ ಯಾವ ಯಂತ್ರಕ್ಕೂ ತಿಳಿಯದು.

ಇದೇ ವೈ-ಟು-ಕೆ. 1999ರ ಡಿಸೆಂಬರ್ 31ರ ಶುಕ್ರವಾರ ರಾತ್ರಿ ವಿಮಾನಗಳು ಬೀಳುತ್ತವೆ, ಬ್ಯಾಂಕುಗಳು ಮುಚ್ಚುತ್ತವೆ ಎಂದೆಲ್ಲ ಗುಲ್ಲೆದ್ದಿತ್ತು. ಅಮೆರಿಕದಲ್ಲಿ ಡಬ್ಬಿ ಆಹಾರ, ಜನರೇಟರು ಕೊಂಡಿಟ್ಟುಕೊಂಡವರಿದ್ದರು. ಮಳೆಗಾಲಕ್ಕೆಂದು ಅಕ್ಕಿ, ಉಪ್ಪು, ಒಣಮೀನು, ಸೌದೆ ಕೂಡಿಡುವ ಕರಾವಳಿಯವರಿಗೆ ಅದು ಅಂಥ ದೊಡ್ಡ ಸಿದ್ಧತೆಯಾಗಿ ಕಂಡಿರಲಾರದು. ಕರೆಂಟು ಹೋಗಲು ಇಲ್ಲಿ ಕಂಪ್ಯೂಟರು ಕೆಡಬೇಕೆಂದೇನಿರಲಿಲ್ಲ, ಒಂದು ಗಾಳಿಮಳೆ ಸಾಕಿತ್ತು. ಬ್ಯಾಂಕುಗಳ ಹೆಚ್ಚಿನ ಶಾಖೆಗಳಲ್ಲಿ ಇನ್ನೂ ದಪ್ಪ ಲೆಡ್ಜರುಗಳೇ ಇದ್ದ ಕಾಲ ಅದು. ದೇಶದ ಕಣ್ಣೆಲ್ಲ ಆ ದಿನ ಕಂದಹಾರ್‌ನಿಂದ ಬಿಡುಗಡೆಯಾದ ವಿಮಾನ ಪ್ರಯಾಣಿಕರ ಮೇಲಿತ್ತು. ಬೆಳಗಾಯಿತು. ಬಸ್ಸು ಓಡಿತು, ಹಾಲು ಬಂತು. “ಎಂತದೂ ಆಯ್ಲ ಅಲ್ದಾ ಮಾರಾಯ್ರೆ” ಎಂಬಲ್ಲಿಗೆ ಮಾತು ಮುಗಿಯಿತು.

ಏನೂ ಆಗಲಿಲ್ಲ ಎಂಬುದರಿಂದ ‘ಎಲ್ಲ ಬರೀ ಬೊಗಳೆ’ ಎಂಬ ತೀರ್ಮಾನಕ್ಕೆ ಬಂದವರು ಬಹಳ. ಅದು ಸರಿಯಲ್ಲ. ಏನೂ ಆಗದಂತೆ ನೋಡಿಕೊಳ್ಳಲು ಜಗತ್ತು ಸುಮಾರು 300 ಶತಕೋಟಿ ಡಾಲರು ಸುರಿಯಿತೆಂದು ಅಂದಾಜು. ಕೋಬಾಲ್ ಎಂಬ, 1959ರಲ್ಲೇ ರೂಪುಗೊಂಡ ಕಂಪ್ಯೂಟರ್ ಭಾಷೆಗೆ ಹಠಾತ್ತನೆ ಬೇಡಿಕೆ ಬಂತು. ಬೆಂಗಳೂರಿನ ಕಂಪನಿಗಳಲ್ಲಿ ಸಾವಿರಾರು ತರುಣರು ಯಾರೋ ಎಂದೋ ಬರೆದ ಲಕ್ಷಾಂತರ ಸಾಲುಗಳನ್ನು ಹಗಲು ರಾತ್ರಿ ಓದಿ, ತಾರೀಕು ಎಲ್ಲಿದೆ ಎಂದು ಹುಡುಕಿ ತಿದ್ದಿದರು. ಅಮೆರಿಕ ಎಚ್-1ಬಿ ವೀಸಾಗಳ ಮಿತಿಯನ್ನು 1999 ಮತ್ತು 2000ಕ್ಕೆ 1,15,000ಕ್ಕೆ ಏರಿಸಿತು. ಕರ್ನಾಟಕದ ಸಾಫ್ಟ್‌ವೇರ್ ಉದ್ಯಮ ಹೊರದೇಶದಲ್ಲಿ ನಂಬಿಕೆ ಗಳಿಸಿದ್ದು ಬಹುಪಾಲು ಈ ಕೂಲಿ ಕೆಲಸದಿಂದ. ಅದು ಪೇಟೆಂಟು ತರುವ ಕೆಲಸವಲ್ಲ, ಸೂರಿನ ಒಡೆದ ಹಂಚು ಹುಡುಕಿ ಬದಲಿಸುವಂಥದ್ದು. ಮಳೆ ಬಂದಾಗ ಮನೆ ಸೋರದಿದ್ದರೆ ಹಂಚು ಬದಲಿಸಿದವನನ್ನು ನೆನೆಯುವವರು ಯಾರು?

ಹಾಗೆಂದು ಎಲ್ಲವೂ ಸುಸೂತ್ರವಾಗಿರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕಂಪ್ಯೂಟರು 2000ದ ಜನವರಿಯಿಂದ ಗರ್ಭಿಣಿಯರ ವಯಸ್ಸನ್ನು ತಪ್ಪಾಗಿ ಎಣಿಸತೊಡಗಿತು. ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಂಭವವನ್ನು ಹೇಳುವ ಪರೀಕ್ಷೆಯಲ್ಲಿ ತಾಯಿಯ ವಯಸ್ಸು ಮುಖ್ಯ. 150ಕ್ಕೂ ಹೆಚ್ಚು ಮಂದಿಗೆ ತಪ್ಪು ವರದಿ ಹೋಯಿತು, ಅದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರಲಿಲ್ಲ. ಕೆಟ್ಟು ನಿಂತ ಯಂತ್ರದಿಂದ ಅಷ್ಟು ಭಯವಿಲ್ಲ, ನಿಂತಿದೆ ಎಂದು ಕಣ್ಣಿಗೆ ಕಾಣುತ್ತದೆ. ತಪ್ಪು ಲೆಕ್ಕ ಹಾಕುತ್ತ ಓಡುತ್ತಲೇ ಇರುವ ಯಂತ್ರವೇ ಅಪಾಯಕಾರಿ.

ಈಗ ಎರಡನೆಯ ತಾರೀಕು. 2038ರ ಜನವರಿ 19, ಮಂಗಳವಾರ. ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆ ಮತ್ತು ಅದರ ಸಂತತಿಯ ಕಂಪ್ಯೂಟರುಗಳು ವರ್ಷ, ತಿಂಗಳುಗಳನ್ನು ಬರೆದಿಡುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಒಂದೇ ಲೆಕ್ಕ ಇಡುತ್ತವೆ. ಹಳೆಯ ಪದ್ಧತಿಯಲ್ಲಿ ಈ ಲೆಕ್ಕಕ್ಕೆ ಕೊಟ್ಟಿರುವುದು 32 ಮನೆ. ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು. ಅದರಲ್ಲಿ ಒಂದು ಮನೆ ಧನ–ಋಣ ಚಿಹ್ನೆಗೆ ಹೋಯಿತು. ಉಳಿದ 31 ಮನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647. ಇಷ್ಟು ಸೆಕೆಂಡು ಎಂದರೆ 68 ವರ್ಷ ಮತ್ತು ಕೆಲವು ದಿನ. ಹಳೆಯ ಅಂಬಾಸಿಡರ್ ಕಾರಿನ ಮೈಲಿ ಮೀಟರು 99999 ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತಿದ್ದುದನ್ನು ನೋಡಿದವರಿಗೆ ಮುಂದಿನದು ಅರ್ಥವಾದೀತು. ವ್ಯತ್ಯಾಸವೆಂದರೆ ಇಲ್ಲಿ ಲೆಕ್ಕ ಸೊನ್ನೆಗೆ ಬರದೆ ಋಣ ಸಂಖ್ಯೆಯ ಆಳಕ್ಕೆ ಬೀಳುತ್ತದೆ. ಮುಂದಿನ ಸೆಕೆಂಡಿಗೆ ಯಂತ್ರದ ಮಟ್ಟಿಗೆ ಅದು 1901ರ ಡಿಸೆಂಬರ್!

ಪಂಚಾಂಗದ ಪ್ರಕಾರ ಅಂದು ಪಿಂಗಳ ಸಂವತ್ಸರ. ಲಘು, ಗುರು ಎಂಬ ಎರಡೇ ಗುರುತುಗಳಿಂದ ಛಂದಸ್ಸಿನ ಸಾಧ್ಯತೆಗಳನ್ನೆಲ್ಲ ಎಣಿಸಿದ ಪ್ರಾಚೀನ ವಿದ್ವಾಂಸನ ಹೆಸರೂ ಪಿಂಗಳ. ಇದು ಕೇವಲ ಕಾಕತಾಳೀಯ, ಜೋಯಿಸರು ಗಾಬರಿಯಾಗಬೇಕಿಲ್ಲ.

ಪರಿಹಾರ ಸರಳ. 32ರ ಬದಲು 64 ಮನೆ ಕೊಟ್ಟರಾಯಿತು. ಆಗ ಲೆಕ್ಕ 29,200 ಕೋಟಿ ವರ್ಷಗಳವರೆಗೆ ಸಾಕು. ವಿಶ್ವಕ್ಕೆ ಈಗಿರುವ ಪ್ರಾಯವೇ ಸುಮಾರು 1,380 ಕೋಟಿ ವರ್ಷ. ಹೊಸ ಕಂಪ್ಯೂಟರುಗಳು, ಹೊಸ ಮೊಬೈಲುಗಳು 64ರ ಪದ್ಧತಿಗೆ ಬಂದಾಗಿದೆ. ಲಿನಕ್ಸ್‌ನಲ್ಲಿ 2020ರ 5.6ನೇ ಆವೃತ್ತಿಯಿಂದ 32 ಬಿಟ್ ಯಂತ್ರಗಳಿಗೂ ಈ ಅನುಕೂಲವಿದೆ. ದೊಡ್ಡ ಬ್ಯಾಂಕು, ಅಂಚೆ ಇಲಾಖೆಗಳಂಥ ಕಡೆ ಎಚ್ಚರ ವಹಿಸುವವರು ಇದ್ದಾರೆ. ಅವರಿಗೆ 2038 ದೂರದ ವರ್ಷವೂ ಅಲ್ಲ. 2017ರ ಫೆಬ್ರವರಿಯಲ್ಲಿ ಮಗಳ ಹೆಸರಿನಲ್ಲಿ ತೆರೆದ ಸುಕನ್ಯಾ ಸಮೃದ್ಧಿ ಖಾತೆ 21 ವರ್ಷಕ್ಕೆ, ಎಂದರೆ 2038ರ ಫೆಬ್ರವರಿಗೆ ಪಕ್ವವಾಗುತ್ತದೆ. ಇಪ್ಪತ್ತು ವರ್ಷದ ಗೃಹಸಾಲದ ಕಂತುಗಳೂ ಆ ಗಡಿ ದಾಟಿ ಹೋಗಿವೆ. ಮುಂದಿನ ತಾರೀಕನ್ನು ಲೆಕ್ಕಹಾಕುವ ತಂತ್ರಾಂಶಕ್ಕೆ ಸಮಸ್ಯೆ ಮುಂಚೆಯೇ ಎದುರಾಗುತ್ತದೆ. 2006ರ ಮೇ ತಿಂಗಳಲ್ಲೇ ಎಒಎಲ್ ಕಂಪನಿಯ ಸರ್ವರ್ ತಂತ್ರಾಂಶ ಕುಸಿದಿತ್ತು. ಯಾರೋ ಅದರಲ್ಲಿ ‘ಎಂದೆಂದಿಗೂ’ ಎಂಬ ಅರ್ಥದಲ್ಲಿ ನೂರು ಕೋಟಿ ಸೆಕೆಂಡುಗಳ ಗಡುವು ಹಾಕಿದ್ದರು, ಅದು 2038ರ ಆಚೆ ಬಿತ್ತು.

ಚಿಂತೆ ಇರುವುದು ಯಾರೂ ಕಂಪ್ಯೂಟರೆಂದು ಎಣಿಸದ ಪೆಟ್ಟಿಗೆಗಳ ಬಗ್ಗೆ. ಸೊಸೈಟಿಯ ಗೋಡೆಯಲ್ಲಿರುವ ಬೆರಳಚ್ಚಿನ ಹಾಜರಿ ಯಂತ್ರ, ಅಂಗಡಿಯ ಸಿಸಿಟಿವಿ ಪೆಟ್ಟಿಗೆ, ಕಂಡಕ್ಟರರ ಟಿಕೆಟು ಯಂತ್ರ, ಆಸ್ಪತ್ರೆಯ ಉಪಕರಣ. ಒಮ್ಮೆ ಕೂರಿಸಿದರೆ ಹದಿನೈದು ಇಪ್ಪತ್ತು ವರ್ಷ ಯಾರೂ ಮುಟ್ಟುವುದಿಲ್ಲ. ಮಾರಿದವರು ಅಂಗಡಿ ಮುಚ್ಚಿರುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು 63,000 ಸಂಘಗಳು ಅದರ ವ್ಯಾಪ್ತಿಗೆ ಬಂದವು. 1999ರಲ್ಲಿ ಹಳ್ಳಿಯ ಲೆಕ್ಕವನ್ನು ಕಾಪಾಡಿದ ಲೆಡ್ಜರು ಈ ಬಾರಿ ಮೇಜಿನ ಮೇಲೆ ಇರುವುದಿಲ್ಲ ಎಂಬುದನ್ನು ಗಮನಿಸಬೇಕು.

ಮಲ್ಪೆ, ಗಂಗೊಳ್ಳಿಯ ಬೋಟಿನವರಿಗೆ ಅದೇ ವರ್ಷ ಇನ್ನೊಂದು ತಾರೀಕಿದೆ. ಜಿಪಿಎಸ್ ವಾರಗಳನ್ನು ಎಣಿಸುವುದು 1024ರವರೆಗೆ ಮಾತ್ರ, ಆಮೇಲೆ ಮತ್ತೆ ಸೊನ್ನೆಯಿಂದ. 1999ರ ಆಗಸ್ಟಿನಲ್ಲಿ, 2019ರ ಏಪ್ರಿಲಿನಲ್ಲಿ ಹೀಗಾಗಿದೆ. ಮುಂದಿನದು 2038ರ ನವೆಂಬರಿನಲ್ಲಿ. 2019ರಲ್ಲಿ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲ ಇದರಿಂದ ಹಲವು ದಿನ ಸ್ಥಗಿತಗೊಂಡಿತ್ತು. ಹಳೆಯ ಜಿಪಿಎಸ್ ಪೆಟ್ಟಿಗೆ ಸ್ಥಳವನ್ನು ಸರಿಯಾಗಿ ತೋರಿಸಿದರೂ ತಾರೀಕನ್ನು ಸುಮಾರು ಇಪ್ಪತ್ತು ವರ್ಷ ಹಿಂದೆ ತೋರಿಸಬಹುದು.

ಮಾಡಬಹುದಾದ ಕೆಲಸ ದುಬಾರಿಯದಲ್ಲ. ಸೊಸೈಟಿಯಾಗಲಿ, ಶಾಲೆಯಾಗಲಿ, ಅಂಗಡಿಯಾಗಲಿ, ತಾರೀಕು ತೋರಿಸುವ ಯಂತ್ರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವುದು ಮೊದಲು. ತಂದ ವರ್ಷ, ಮಾರಿದವರು, ತಂತ್ರಾಂಶ ಬರೆದವರು, ಕೊನೆಯ ಬಾರಿ ನವೀಕರಿಸಿದ ದಿನ, ಇಷ್ಟು ಸಾಕು. ಹಲವು ಯಂತ್ರಗಳ ಮೆನುವಿನಲ್ಲಿ 2037ರ ನಂತರದ ವರ್ಷವೇ ಸಿಗುವುದಿಲ್ಲ. ಸಿಗದಿದ್ದರೆ ಅನುಮಾನಕ್ಕೆ ಆಸ್ಪದವಿದೆ ಎಂದರ್ಥ. ಆದರೆ ಲೆಕ್ಕಪತ್ರವಿರುವ, ಓಡುತ್ತಿರುವ ಯಂತ್ರದ ತಾರೀಕನ್ನು ಕುತೂಹಲಕ್ಕೆಂದು ಮುಂದೂಡಬಾರದು. ಬಡ್ಡಿ, ಬಾಕಿಗಳೆಲ್ಲ ಅಸ್ತವ್ಯಸ್ತವಾದಾವು. ಪ್ರತಿ ತೆಗೆದು, ಬೇರೆ ಯಂತ್ರದಲ್ಲಿ ಪರೀಕ್ಷಿಸಬೇಕು. ಹೊಸದು ಕೊಳ್ಳುವಾಗ ‘2038 ದಾಟುತ್ತದೆಯೇ’ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಬೇಕು.

2024ರ ಜುಲೈ 19ರಂದು ತಾರೀಕಿಗೆ ಸಂಬಂಧವೇ ಇಲ್ಲದ ಒಂದು ತಂತ್ರಾಂಶದ ಎಡವಟ್ಟಿನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತಾಗ ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ವಿಮಾನ ಹಾರಿತು. ಬರೆಯಲು ತಿಳಿದವರು ಕೌಂಟರಿನಲ್ಲಿದ್ದರು, ಯಾರಿಗೆ ಯಾವ ಸೀಟು ಎಂಬ ಪಟ್ಟಿ ಎಲ್ಲೋ ಕೈಗೆ ಸಿಕ್ಕಿತು. ಸೊಸೈಟಿಯ ಸದಸ್ಯರೂ 2038ರ ಹೊಸ ವರ್ಷಕ್ಕೆ ಮುನ್ನ ತಮ್ಮ ಪಾಸ್ ಪುಸ್ತಕಕ್ಕೆ ಬಾಕಿ ಬರೆಸಿ, ಮೊಹರು ಹಾಕಿಸಿಕೊಂಡರೆ ಒಳ್ಳೆಯದು. ತಾರೀಕು ಹಾಕುವಾಗ ಇಸವಿಯ ನಾಲ್ಕೂ ಅಂಕೆ ಇರಲಿ.