ನೆಲ ಡೊಂಕಾಗಿರುವುದೂ ಉಂಟು

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಪ್ರಶ್ನಪತ್ರಿಕೆ ಕಠಿಣವಾಗಿತ್ತೆಂದವನಿಗೂ ಇದೇ ಉತ್ತರ. ಪಂದ್ಯದಲ್ಲಿ ಸೋತು ಬಂದು ಬಯಲು ಸರಿಯಿರಲಿಲ್ಲವೆಂದವನಿಗೂ ಇದೇ ಉತ್ತರ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೆಲವು ನಿಜವಾಗಿಯೂ ಡೊಂಕಾಗಿದ್ದ ಪಕ್ಷದಲ್ಲಿ ಅದನ್ನು ಮೊದಲು ಅರಿಯುವವರು ಯಾರು? ಕುಣಿಯುವವಳೇ ಹೊರತು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರಲ್ಲ. ಈ ಗಾದೆಗೆ ಹೆದರಿ ಬಾಯಿ ಮುಚ್ಚಿಕೊಂಡು ಆಡಿ ಮೊಣಕಾಲು ಕೆಡಿಸಿಕೊಂಡವರು ಎಷ್ಟು ಮಂದಿಯೋ! 2018ರ ನವೆಂಬರಿನಲ್ಲಿ ಮೆಕ್ಸಿಕೋ ನಗರದಲ್ಲಿ ನಡೆಯಬೇಕಾಗಿದ್ದ ದೊಡ್ಡದೊಂದು ಪಂದ್ಯವನ್ನು, ಇನ್ನು ಆರೇ ದಿನಗಳು ಉಳಿದಿರುವಾಗ, ಬಯಲು ಕೆಟ್ಟಿದೆಯೆಂಬ ಕಾರಣಕ್ಕಾಗಿ ಬೇರೊಂದು ದೇಶಕ್ಕೆ ಸಾಗಿಸಿದರು. ಆ ಪ್ರಸಂಗವನ್ನು ಮುಂದಿಟ್ಟುಕೊಂಡು ನನಗೆ ತೋರಿದ ಎರಡು ಮಾತುಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುತ್ತೇನೆ.

ಮೊದಲು ಒಂದು ಸ್ಪಷ್ಟನೆ. ಇದು ನಾವು ಆಡುವ ಕಾಲ್ಚೆಂಡಾಟವಲ್ಲ; ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ. ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು; ಚೆಂಡೂ ದುಂಡಗಿಲ್ಲ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ ಕಟ್ಟಿಕೊಂಡ ಹನ್ನೊಂದು ಹನ್ನೊಂದು ಜನ ಟಗರುಗಳಂತೆ ಒಬ್ಬರನ್ನೊಬ್ಬರು ಹಾಯುತ್ತಾರೆ. ಮುಂದಿನ ಸಾಲಿನಲ್ಲಿ ನಿಲ್ಲುವವರು ನೂರಮೂವತ್ತು ಕಿಲೋ ತೂಗುವುದು ಅಪರೂಪವೇನಲ್ಲ. ಇಷ್ಟು ಭಾರದ ಮನುಷ್ಯ ಓಡುತ್ತ ಓಡುತ್ತ ಥಟ್ಟನೆ ಪಕ್ಕಕ್ಕೆ ತಿರುಗುವಾಗ ಅವನ ಬೂಟಿನ ಮೊಳೆಗಳು ನೆಲವನ್ನು ಕಚ್ಚಬೇಕು, ಹಾಗೆಯೇ ಸಕಾಲಕ್ಕೆ ಬಿಡಲೂ ಬೇಕು. ಬೇರು ಬಿಡದ ಹುಲ್ಲು ಕಾಲಿನೊಡನೆ ಕಿತ್ತು ಬಂದರೆ ಮನುಷ್ಯ ಜಾರುತ್ತಾನೆ. ಬೂಟು ಸಿಕ್ಕಿಕೊಂಡು ದೇಹ ಮಾತ್ರ ತಿರುಗಿದರೆ ಮೊಣಕಾಲಿನೊಳಗಿನ ಕಟ್ಟು ಹರಿಯುತ್ತದೆ. ಅದು ಕೂಡಿಕೊಳ್ಳಲು ಶಸ್ತ್ರಚಿಕಿತ್ಸೆ ಬೇಕು, ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಕೆಲವರು ಹಿಂದಿರುಗಿ ಬರುವುದೇ ಇಲ್ಲ.

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ ತನ್ನ ಕೆಲವು ಪಂದ್ಯಗಳನ್ನು ಹೊರದೇಶಗಳಲ್ಲಿ ಆಡಿಸುವ ಪದ್ಧತಿಯನ್ನಿಟ್ಟುಕೊಂಡಿದೆ. ಅದರ ಕ್ರಮಬದ್ಧ ಋತುವಿನ ಪಂದ್ಯವೊಂದು ಅಮೆರಿಕದ ಹೊರಗೆ ಮೊಟ್ಟಮೊದಲು ನಡೆದದ್ದು 2005ರ ಅಕ್ಟೋಬರ್ 2ರಂದು, ಮೆಕ್ಸಿಕೋ ನಗರದ ಆಜ್ಟೆಕಾ ಕ್ರೀಡಾಂಗಣದಲ್ಲಿ. ಅಂದು ನೆರೆದವರು 1,03,467 ಜನ! ಆ ಕ್ರೀಡಾಂಗಣವಾದರೂ ಸಾಮಾನ್ಯದ್ದಲ್ಲ. 1966ರಲ್ಲಿ ತೆರೆದದ್ದು, ಸಮುದ್ರಮಟ್ಟದಿಂದ ಸುಮಾರು 7,200 ಅಡಿ ಎತ್ತರದಲ್ಲಿರುವಂಥದು. 1970ರಲ್ಲಿ ಪೆಲೆ ವಿಶ್ವಕಪ್ಪನ್ನು ಎತ್ತಿದ್ದು ಅಲ್ಲಿಯೇ, 1986ರಲ್ಲಿ ಮರಡೋನಾ ಇಂಗ್ಲೆಂಡಿನ ವಿರುದ್ಧ ಒಂದು ಗೋಲನ್ನು ಕೈಯಿಂದಲೂ ಇನ್ನೊಂದನ್ನು ಕಾಲಿನಿಂದಲೂ ಹೊಡೆದದ್ದು ಅಲ್ಲಿಯೇ. 2018ರ ನವೆಂಬರ್ 19ರ ಸೋಮವಾರ ಅಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್ ತಂಡಗಳು ಎದುರುಬದುರಾಗಬೇಕಾಗಿತ್ತು. ಎರಡು ತಂಡಗಳೂ ಆ ವರೆಗೆ ಹತ್ತರಲ್ಲಿ ಒಂಬತ್ತು ಪಂದ್ಯಗಳನ್ನು ಗೆದ್ದಿದ್ದವು. ತೆಳುಗಾಳಿಗೆ ಒಗ್ಗಿಕೊಳ್ಳಬೇಕೆಂದು ರಾಮ್ಸ್ ತಂಡದವರು ಕೊಲರಾಡೋದ ಬೆಟ್ಟದೂರೊಂದಕ್ಕೆ ಹೋಗಿ ಅಭ್ಯಾಸಕ್ಕೆ ತೊಡಗಿದ್ದರು. ಟಿಕೆಟ್ಟುಗಳು ಮಾರಾಟವಾಗಿದ್ದವು. ಎಲ್ಲವೂ ಸಿದ್ಧವಾಗಿತ್ತು, ಹುಲ್ಲೊಂದನ್ನು ಬಿಟ್ಟು.

ಹುಲ್ಲಿನ ಕಥೆ ಸ್ವಾರಸ್ಯವಾಗಿದೆ. ಅದೇ ವರ್ಷ ಆಜ್ಟೆಕಾದಲ್ಲಿ ಹಳೆಯ ಹುಲ್ಲನ್ನು ತೆಗೆದು ಹೊಸ ಬಗೆಯ ಹಾಸನ್ನು ಹಾಕಿದ್ದರು. ನಿಜವಾದ ಹುಲ್ಲಿನ ನಡುನಡುವೆ ಕೃತಕ ಎಳೆಗಳನ್ನು ಹೊಲಿದಂತೆ ಸೇರಿಸಿದ ಮಿಶ್ರ ಹಾಸು ಅದು. ಬೇರುಗಳು ಆ ಎಳೆಗಳನ್ನು ತಬ್ಬಿ ಹಿಡಿದುಕೊಂಡರೆ ಬಯಲು ಗಟ್ಟಿಯಾಗುತ್ತದೆಂಬುದು ತಜ್ಞರ ಲೆಕ್ಕಾಚಾರ. ಬೇರೆಡೆಗಳಲ್ಲಿ ಅದು ಸಾಬೀತಾಗಿಯೂ ಇದೆ. ಆದರೆ ತಬ್ಬಿಕೊಳ್ಳಲು ಬೇರಿಗೆ ಬಿಡುವು ಬೇಡವೆ? ಆ ವರ್ಷ ಒಂದರ ಬದಲು ಎರಡು ದೊಡ್ಡ ಕ್ಲಬ್ಬುಗಳು ಆಜ್ಟೆಕಾವನ್ನು ತಮ್ಮ ಮನೆಯಂಗಳ ಮಾಡಿಕೊಂಡವು: ಮೊದಲಿನಿಂದ ಅಲ್ಲಿದ್ದ ಅಮೆರಿಕಾ ಕ್ಲಬ್ಬು, ಮತ್ತು ತನ್ನ ಹಳೆಯ ಕ್ರೀಡಾಂಗಣವನ್ನು ಬಿಟ್ಟು ಬಂದ ಕ್ರೂಸ್ ಆಸೂಲ್. ಸಾಲದ್ದಕ್ಕೆ ಶಕೀರಾ ಎಂಬ ಪ್ರಸಿದ್ಧ ಗಾಯಕಿಯ ಸಂಗೀತಸಭೆಯೂ ಅದೇ ಬಯಲಿನಲ್ಲಿ ನಡೆಯಿತು. ಅಷ್ಟರ ಮೇಲೆ ಮಳೆ ಬೇರೆ. ನವೆಂಬರಿನ ಹೊತ್ತಿಗೆ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡಿದರೆ, ಎಮ್ಮೆಗಳು ಹೊರಳಾಡಿ ಎದ್ದುಹೋದ ಕೆರೆಯಂಗಳದ ನೆನಪಾಗುತ್ತಿತ್ತು.

ನಮ್ಮ ಕಡೆ ಇದೇನು ಹೊಸದೆ? ನಮ್ಮ ಊರುಗಳಲ್ಲಿ ಆಟದ ಬಯಲೆಂದರೆ ಆಟವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಒದಗುವ ಬಯಲು. ಪಟಾಕಿ ಅಂಗಡಿ ಅಲ್ಲಿಯೇ, ಸರ್ಕಸ್ಸು ಅಲ್ಲಿಯೇ, ಮಂತ್ರಿಗಳ ಭಾಷಣವೂ ಅಲ್ಲಿಯೇ. ಚಪ್ಪರದವರು ಗೂಟ ಕಿತ್ತುಕೊಂಡು ಹೋಗುತ್ತಾರೆ, ಗುಣಿಯನ್ನು ಮಾತ್ರ ನಮಗೆ ಬಿಟ್ಟುಹೋಗುತ್ತಾರೆ. ಬಯಲು ಖಾಲಿ ಕಂಡಿತೆಂದರೆ ಅದು ವ್ಯರ್ಥವಾಗಿ ಬಿದ್ದಿದೆಯೆಂದೇ ದೊಡ್ಡವರ ತೀರ್ಮಾನ. ಆಜ್ಟೆಕಾದ ಒಡೆಯರ ತೀರ್ಮಾನವೂ ಇದಕ್ಕಿಂತ ಬೇರೆಯಾಗಿರಲಿಲ್ಲವೆಂದು ತೋರುತ್ತದೆ. ಹೊಲಕ್ಕೆ ಬೀಡು ಬಿಡಬೇಕೆಂದು ರೈತನಿಗೆ ಗೊತ್ತು. ಕ್ರೀಡಾಂಗಣದವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ನಿರ್ಣಯದ ವಿಷಯ. ಬಯಲಿನ ಸ್ಥಿತಿ ತಿಳಿದ ಮೇಲೆ ಕೆಲವು ಆಟಗಾರರು ಆಡಲಾರೆವೆಂದು ಹೇಳುವ ಯೋಚನೆಯಲ್ಲಿದ್ದರೆಂದು ವರದಿಗಳು ಬಂದವು. ನವೆಂಬರ್ 13ರ ಮಂಗಳವಾರ ಲೀಗ್ ಪ್ರಕಟಣೆ ಹೊರಡಿಸಿತು: ಬಯಲು ತಕ್ಕ ಮಟ್ಟದಲ್ಲಿಲ್ಲ, ಸೋಮವಾರದೊಳಗೆ ಆ ಮಟ್ಟಕ್ಕೆ ಬರಲಾರದು, ಆದುದರಿಂದ ಪಂದ್ಯ ಲಾಸ್ ಏಂಜಲೀಸಿನ ಮೆಮೋರಿಯಲ್ ಕೊಲಿಸಿಯಂನಲ್ಲಿ ನಡೆಯುವುದು ಎಂದು. ಇದರಲ್ಲಿ ನಾನು ಮುಖ್ಯವೆಂದು ಎಣಿಸುವ ಅಂಶವೊಂದಿದೆ. ಈ ನಿರ್ಣಯವನ್ನು ಲೀಗ್ ತಾನೊಬ್ಬನೇ ಮಾಡಲಿಲ್ಲ. ಆಟಗಾರರ ಸಂಘದೊಡನೆ ಸಮಾಲೋಚಿಸಿ ಮಾಡಿತು. ಅಂದರೆ ಬೀಳುವವನ ಮಾತಿಗೂ ಆ ಕೊಠಡಿಯಲ್ಲಿ ಒಂದು ಕುರ್ಚಿ ಇತ್ತು.

ಇದು ಮೆಕ್ಸಿಕೋಗೆ ಮಾಡಿದ ಅವಮಾನವೆಂದು ನನ್ನ ಸ್ನೇಹಿತರಲ್ಲಿ ಕೆಲವರು ವಾದಿಸುತ್ತಾರೆ. ಶ್ರೀಮಂತ ದೇಶದವರು ಬಡವರ ಮನೆಗೆ ಊಟಕ್ಕೆ ಬರುವೆವೆಂದು ಹೇಳಿ, ಎಲೆ ಹಾಕಿದ ಮೇಲೆ ನೆಲ ಸಾರಿಸಿಲ್ಲವೆಂದು ಎದ್ದುಹೋದಂತಾಯಿತಲ್ಲ ಎಂದು ಅವರ ಆಕ್ಷೇಪ. ಈ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಅಲ್ಲಿಯ ಅಭಿಮಾನಿಗಳಿಗೆ ಟಿಕೆಟ್ಟಿನ ಹಣ ಹಿಂದಕ್ಕೆ ಬಂದಿರಬಹುದು. ಆದರೆ ದೂರದ ಊರಿನಿಂದ ಬರಲು ಬಸ್ಸಿಗೆ, ವಸತಿಗೆ ಕೊಟ್ಟ ಹಣ? ತಿಂಗಳುಗಟ್ಟಲೆ ಕಾದದ್ದಕ್ಕೆ? ನಷ್ಟ ಅವರಿಗಾಯಿತು, ತಪ್ಪು ಅವರದಾಗಿರಲಿಲ್ಲ. ಆ ಸೋಮವಾರ ಲಾಸ್ ಏಂಜಲೀಸಿನಲ್ಲಿ ರಾಮ್ಸ್ 54, ಚೀಫ್ಸ್ 51. ಎರಡು ತಂಡಗಳೂ ಐವತ್ತನ್ನು ದಾಟಿದ್ದು ಆ ಲೀಗಿನ ಇತಿಹಾಸದಲ್ಲಿಯೇ ಅದು ಮೊದಲ ಸಲ. ಅಂಥ ಪಂದ್ಯ ಕೈತಪ್ಪಿತೆಂದರೆ ಯಾರ ಹೊಟ್ಟೆ ಉರಿಯದು? ಆದರೂ ನಾನು ಕೇಳುವುದು ಇಷ್ಟೇ: ಅಂದು ಆಜ್ಟೆಕಾದಲ್ಲಿಯೇ ಆಡಿಸಿ, ಇಪ್ಪತ್ಮೂರು ವರ್ಷದ ಒಬ್ಬ ಹುಡುಗನ ಕಾಲು ಹೋಗಿದ್ದರೆ, ಆತಿಥ್ಯದ ಗೌರವ ಉಳಿಯುತ್ತಿತ್ತೆ? ಪಂದ್ಯವನ್ನು ಕದಲಿಸಿದ್ದು ಸರಿ. ತಪ್ಪು ನಡೆದದ್ದು ಅದಕ್ಕೂ ಮೊದಲು, ಮಳೆಗಾಲದಲ್ಲಿಯೇ. ಬಯಲಿಗೆ ಬಿಡುವಿಲ್ಲದಂತೆ ದಿನಾಂಕಗಳನ್ನು ತುಂಬಿದವರ ದಿನಚರಿ ಪುಸ್ತಕದಲ್ಲಿ. ಮೆಕ್ಸಿಕೋದ ಅಭಿಮಾನಿ ದೂರಬೇಕಾದದ್ದು ಆಟಗಾರನನ್ನಲ್ಲ, ಆ ಪುಸ್ತಕವನ್ನು.

ಹೊಸ ಸ್ಥಳದಲ್ಲಿ ನಡೆದ ಪಂದ್ಯಕ್ಕೆ ಇನ್ನೊಂದು ಅರ್ಥವೂ ಒದಗಿ ಬಂದಿತೆಂಬುದನ್ನು ಹೇಳದೆ ಬಿಡಬಾರದು. ಅದಕ್ಕೆ ಹತ್ತು ಹನ್ನೆರಡು ದಿನಗಳ ಹಿಂದೆ ಲಾಸ್ ಏಂಜಲೀಸಿನ ಸಮೀಪದ ಥೌಸಂಡ್ ಓಕ್ಸ್ ಊರಿನಲ್ಲಿ ಗುಂಡಿನ ದಾಳಿಯಾಗಿ ಹನ್ನೆರಡು ಜನ ಹತರಾಗಿದ್ದರು. ಮರುದಿನವೇ ಕಾಡ್ಗಿಚ್ಚು ಹಬ್ಬಿ ಮನೆಮಠಗಳು ಸುಟ್ಟುಹೋದವು. ರಾಮ್ಸ್ ತಂಡದವರು ಸಾವಿರಾರು ಟಿಕೆಟ್ಟುಗಳನ್ನು ನೊಂದವರಿಗೂ, ಬೆಂಕಿಯೊಡನೆ ಹೋರಾಡಿದ ಸಿಬ್ಬಂದಿಗೂ ಉಚಿತವಾಗಿ ಹಂಚಿದರು.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. ಇದು ನಾವು ಬಲ್ಲ ಕಾಲ್ಚೆಂಡಾಟದ್ದೇ. 2015ರ ಜುಲೈನಲ್ಲಿ ಅಮೆರಿಕದ ಮಹಿಳಾ ತಂಡ ಜಪಾನನ್ನು 5-2ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆ ವಿಶ್ವಕಪ್ಪು ಕೆನಡಾದಲ್ಲಿ ನಡೆಯಿತು, ಅದೂ ಒಂದು ಬಯಲೂ ಬಿಡದಂತೆ ಪ್ಲಾಸ್ಟಿಕ್ ಹಾಸಿನ ಮೇಲೆ. ಬ್ರೆಜಿಲಿನ ಮಾರ್ತಾ, ಅಮೆರಿಕದ ಆಬಿ ವಾಂಬಾಕ್ ಮೊದಲಾದವರು 2014ರಲ್ಲಿಯೇ ಇದರ ವಿರುದ್ಧ ಕೆನಡಾದ ಒಂದು ನ್ಯಾಯಮಂಡಲಿಗೆ ದೂರಿತ್ತಿದ್ದರು. ಪುರುಷರ ವಿಶ್ವಕಪ್ಪನ್ನು ಎಂದೂ ಹೀಗೆ ಆಡಿಸಿಲ್ಲವಲ್ಲ, ನಮಗೇಕೆ ಈ ಭೇದವೆಂದು ಅವರ ಪ್ರಶ್ನೆ. ಉತ್ತರ ಬರುವ ಲಕ್ಷಣ ಕಾಣದೆ, 2015ರ ಜನವರಿಯಲ್ಲಿ ದೂರನ್ನು ಹಿಂದಕ್ಕೆ ಪಡೆದರು. ಪ್ಲಾಸ್ಟಿಕ್ಕಿನ ಮೇಲೆಯೇ ಆಡಿದರು.

ಗೆದ್ದ ಮೇಲೆ ವಿಜಯಯಾತ್ರೆ. ಅದರ ಅಂಗವಾಗಿ ಡಿಸೆಂಬರ್ 6ರಂದು ಹವಾಯಿ ದ್ವೀಪದ ಅಲೋಹಾ ಕ್ರೀಡಾಂಗಣದಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೋ ತಂಡದೊಡನೆ ಪಂದ್ಯ ನಿಶ್ಚಯವಾಯಿತು. ಎರಡು ದಿನ ಮೊದಲು, ಅಲ್ಲಿಯೇ ಬೇರೊಂದು ಅಭ್ಯಾಸದ ಬಯಲಿನಲ್ಲಿ ಮೇಗನ್ ರಪೀನೋ ಎಂಬ ಹೆಸರಾಂತ ಆಟಗಾರ್ತಿಯ ಮೊಣಕಾಲಿನ ಕಟ್ಟು ಹರಿಯಿತು. ಮುಖ್ಯ ಕ್ರೀಡಾಂಗಣಕ್ಕೆ ಹೋಗಿ ನೋಡಿದರೆ ಕೃತಕ ಹಾಸು ನೆಲದಿಂದ ಎದ್ದು ಬರುತ್ತಿತ್ತು. ಅದರೊಳಗೆ ಚೂಪಾದ ಕಲ್ಲುಗಳು. ವಿಶ್ವವಿಜೇತೆಯರು ಆಡುವುದಿಲ್ಲವೆಂದರು. ಪಂದ್ಯ ರದ್ದಾಯಿತು. ಅಮೆರಿಕದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ನಮ್ಮ ಅಲಹಾಬಾದಿನಲ್ಲಿ ಹುಟ್ಟಿದ ಸುನಿಲ್ ಗುಲಾಟಿಯವರು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಮರ್ಯಾದಸ್ಥರ ನಡತೆ, ಸಂತೋಷ. ಆದರೆ ಪಂದ್ಯದ ದಿನಾಂಕ ಗೊತ್ತುಮಾಡುವ ಮೊದಲು ಆ ಬಯಲಿನ ಮೇಲೆ ಯಾರಾದರೂ ನಾಲ್ಕು ಹೆಜ್ಜೆ ನಡೆದು ನೋಡಿದ್ದರೆ ಕ್ಷಮೆಯ ಪ್ರಮೇಯವೇ ಬರುತ್ತಿರಲಿಲ್ಲ.

ಈ ಎರಡು ಪ್ರಸಂಗಗಳ ಅಂತರವನ್ನು ವಾಚಕರು ಗಮನಿಸಬೇಕು. ಮೆಕ್ಸಿಕೋದಲ್ಲಿ ಬಯಲು ಕೆಟ್ಟಾಗ ಲೀಗ್ ಇತ್ತು, ಸಂಘವಿತ್ತು, ಬದಲಿ ಕ್ರೀಡಾಂಗಣವಿತ್ತು, ಪಂದ್ಯ ಕದಲಿತು. ಹವಾಯಿಯಲ್ಲಿ ಹೆಣ್ಣುಮಕ್ಕಳು ತಾವೇ ಕಲ್ಲುಗಳನ್ನು ಕಂಡು, ತಾವೇ ಒಲ್ಲೆವೆಂದು ಹೇಳಿ, ಏಕೆ ಒಲ್ಲೆವೆಂದು ತಾವೇ ಬಹಿರಂಗಪತ್ರ ಬರೆಯಬೇಕಾಯಿತು. ಮುಂದೆ 2019ರ ಮಾರ್ಚಿಯಲ್ಲಿ ಅವರು ನ್ಯಾಯಾಲಯಕ್ಕೆ ಹೋದಾಗ ದಾವೆಯಲ್ಲಿ ಕೊಟ್ಟ ಲೆಕ್ಕ ಇದು: 2014ರಿಂದ 2017ರ ವರೆಗೆ ಸ್ವದೇಶದಲ್ಲಿ ಮಹಿಳೆಯರು ಆಡಿದ 62 ಪಂದ್ಯಗಳಲ್ಲಿ 13 ಕೃತಕ ಹಾಸಿನ ಮೇಲೆ, ಪುರುಷರು ಆಡಿದ 49ರಲ್ಲಿ ಒಂದೇ ಒಂದು. ಒಂದೇ ಸಂಸ್ಥೆ, ಒಂದೇ ಆಟ, ಒಂದೇ ಬಗೆಯ ಮೊಣಕಾಲು.

ಕದಲಿಸದೆ ತೇಪೆ ಹಾಕಹೊರಟರೆ ಏನಾಗುತ್ತದೆಂಬುದಕ್ಕೂ ದೃಷ್ಟಾಂತವಿದೆ. 2019ರ ಆಗಸ್ಟ್ 22ರಂದು ಕೆನಡಾದ ವಿನ್ನಿಪೆಗ್ಗಿನಲ್ಲಿ ಅಮೆರಿಕದ ಎರಡು ತಂಡಗಳ ಪೂರ್ವಸಿದ್ಧತೆಯ ಪಂದ್ಯವಿತ್ತು. ಕೆನಡಾದವರ ಗೋಲುಕಂಬ ನೆಟ್ಟಿದ್ದ ಜಾಗವನ್ನು ಮುಚ್ಚಿದ್ದು ಸರಿಬರಲಿಲ್ಲ. ಆಗ ಅಧಿಕಾರಿಗಳು ನೂರು ಗಜದ ಬಯಲನ್ನು ಎಂಬತ್ತು ಗಜಕ್ಕೆ ಇಳಿಸಿಬಿಟ್ಟರು! ಪ್ಯಾಕರ್ಸ್ ತಂಡ ತನ್ನ 33 ಆಟಗಾರರನ್ನು ಕಣಕ್ಕಿಳಿಸಲೇ ಇಲ್ಲ. ಹಣ ಕೊಟ್ಟ ಕೆನಡಾದವರು ನೋಡಿದ್ದು ಕುಂಟುಬಯಲಿನ ಮೇಲೆ ಕುಂಟು ಆಟ.

ನಮ್ಮ ದೇಶದಲ್ಲಿಯೂ 2023ರಲ್ಲಿ ಆಸ್ಟ್ರೇಲಿಯದ ವಿರುದ್ಧದ ಮೂರನೆಯ ಕ್ರಿಕೆಟ್ ಟೆಸ್ಟನ್ನು, ಹೊರಬಯಲಿನಲ್ಲಿ ಹುಲ್ಲು ಸಾಲದೆಂದು, ಧರ್ಮಶಾಲೆಯಿಂದ ಇಂದೋರಿಗೆ ಒಯ್ದರು. ಆಗ ಯಾರೂ ಧರ್ಮಶಾಲೆಗೆ ಅವಮಾನವಾಯಿತೆಂದು ಗೋಳಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಬಯಲಿನ ಮೇಲೆ ಆಡುವವರ ಪ್ರತಿನಿಧಿಗಳು ಆಟಕ್ಕೆ ಕೆಲವು ವಾರ ಮೊದಲು ಅದನ್ನು ನೋಡಿ ಒಪ್ಪಬೇಕು. ಅವರು ಒಪ್ಪಿದ ಹೊರತು ಟಿಕೆಟ್ಟು ಮಾರತಕ್ಕದ್ದಲ್ಲ. ಒಪ್ಪಿದ ಮೇಲೆ ಅಲ್ಲಿ ಸಂಗೀತವಾಗಲಿ ಸಂತೆಯಾಗಲಿ ಸೇರತಕ್ಕದ್ದಲ್ಲ. ಇದಕ್ಕೆ ವ್ಯವಸ್ಥಾಪಕರು ಖರ್ಚಿನ ಮಾತೆತ್ತುತ್ತಾರೆ. ಆಜ್ಟೆಕಾದ ಪಂದ್ಯ ಕೈಬಿಟ್ಟುಹೋದಾಗ ಆದ ಖರ್ಚಿಗಿಂತ ಇದು ಹೆಚ್ಚೆ? ನಮ್ಮಲ್ಲಿಯೂ, ವಾರ್ಷಿಕ ಕ್ರೀಡಾಕೂಟದ ಸಮಿತಿಯಲ್ಲಿ ಅಧ್ಯಾಪಕರೊಡನೆ ಓಡುವ ಹುಡುಗನೊಬ್ಬನೂ ಹುಡುಗಿಯೊಬ್ಬಳೂ ಕುಳಿತರೆ ಯಾರ ಘನತೆಗೂ ಕುಂದಿಲ್ಲವೆಂದು ವಿನಯದಿಂದ ಸೂಚಿಸುತ್ತೇನೆ.

ಹುಲ್ಲು ಬೆಳೆಸಲಾಗದು, ಅಲ್ಲಿಯ ಹವೆ ಒಗ್ಗದು, ಮುಚ್ಚಿದ ಚಾವಣಿಯ ಕೆಳಗೆ ಬಿಸಿಲಿಲ್ಲವೆಂದು ಹೇಳುವವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. 2015ರಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದದ್ದು ವ್ಯಾಂಕೂವರಿನ ಬಿ.ಸಿ. ಪ್ಲೇಸ್ ಕ್ರೀಡಾಂಗಣದ ಪ್ಲಾಸ್ಟಿಕ್ಕಿನ ಮೇಲೆ. 2023ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಮಹಿಳೆಯರಿಗೆ ಹುಲ್ಲು ಸಿಕ್ಕಿತು, ನಿಜ. ಆದರೆ 2026ರ ಪುರುಷರ ವಿಶ್ವಕಪ್ಪಿಗೆ ಅದೇ ಬಿ.ಸಿ. ಪ್ಲೇಸನ್ನು ಆರಿಸಿದಾಗ, ಫೀಫಾ ಸಂಸ್ಥೆ ವಿಧಿಸಿದ ಷರತ್ತುಗಳಲ್ಲಿ ಒಂದು, ಅಲ್ಲಿ ನಿಜವಾದ ಹುಲ್ಲನ್ನು ಹಾಸಬೇಕೆಂಬುದು.