ಪೇಂಟಿಗೆ ಬೆರೆಸಿದ ಪೆಟ್ರೋಲ್, ಸೀಮೆಎಣ್ಣೆ ಮತ್ತೆ ಬೇರೆಯಾಗುತ್ತವೆಯೇ?

ಕಿಟಕಿ ಸರಳಿಗೆ, ಗೇಟಿಗೆ ಹೊಡೆಯುವ ಆಯಿಲ್ ಪೇಂಟ್ ತೆಳು ಮಾಡಲು ಟರ್ಪಂಟೈನ್ ಬದಲು ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದುಂಟು. ಎರಡನ್ನೂ ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಪದರ ಪದರವಾಗಿ ಬೇರೆಯಾಗುತ್ತವೆ ಎನ್ನುವವರಿದ್ದಾರೆ. ಇದು ತಪ್ಪು.

ಪೆಟ್ರೋಲ್, ಸೀಮೆಎಣ್ಣೆ, ಅಂಗಡಿಯ ಮಿನರಲ್ ಟರ್ಪಂಟೈನ್ ಮೂರೂ ಕಚ್ಚಾ ತೈಲದಿಂದ ಬಂದ ಹೈಡ್ರೋಕಾರ್ಬನ್‌ಗಳು. ಬಟ್ಟಿ ಇಳಿಸುವ ಮೊದಲು ಒಂದೇ ದ್ರವದಲ್ಲಿ ಕೂಡಿಕೊಂಡೇ ಇದ್ದವು. ಮುಚ್ಚಿಟ್ಟರೆ ತಿಂಗಳಾದರೂ ಬೇರೆಯಾಗುವುದಿಲ್ಲ. ಡಬ್ಬಿಯ ತಳದಲ್ಲಿ ಕೂರುವುದು ಬಣ್ಣದ ಪುಡಿ. ಪೇಂಟ್ ತೆಳುವಾದಷ್ಟೂ ಅದು ಬೇಗ ಇಳಿಯುತ್ತದೆ. ನಿಜವಾದ ಪದರ ಕಂಡರೆ ನೀರು ಸೇರಿದೆ ಎಂದೇ ಲೆಕ್ಕ.

ಅವು ಅಗಲುವುದು ಪೇಂಟ್ ಹಚ್ಚಿದ ಮೇಲೆ. ಪೆಟ್ರೋಲ್ ಬೇಗ ಆರಿಹೋಗುತ್ತದೆ, ಸೀಮೆಎಣ್ಣೆ ಉಳಿದು ಬಣ್ಣ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬೆಂಕಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ 35–40 ಡಿಗ್ರಿಯಾದರೂ ಬೇಕು. ಹಾಗಾದರೆ ಅದು ಸುರಕ್ಷಿತ ಅನ್ನುತ್ತೀರಾ? ಆಳಂದ, ಅಫಜಲಪುರ, ಜೇವರ್ಗಿ ಕಡೆ ಏಪ್ರಿಲ್–ಮೇ ಬಿಸಿಲು 40 ದಾಟುತ್ತದೆ! ಅದಕ್ಕೆ ಸ್ವಲ್ಪವೇ ಪೆಟ್ರೋಲ್ ಸೇರಿದರಂತೂ ಇಡೀ ಮಿಶ್ರಣ ಪೆಟ್ರೋಲಿನಷ್ಟೇ ಸುಲಭವಾಗಿ ಹೊತ್ತಿಕೊಳ್ಳಬಹುದು. ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯನ್ನೂ ಮುಟ್ಟಬಲ್ಲದು.

ಡಬ್ಬಿಯ ಮೇಲೆ ಬರೆದ ಥಿನ್ನರನ್ನೇ ಬಳಸಿ. ಬಾಗಿಲು, ಕಿಟಕಿ ತೆರೆದಿರಲಿ, ಬೀಡಿ ದೂರವಿರಲಿ. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ಇಡಲೇಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.